‘ಇದೆಲ್ಲ ಇನ್ನು ಯಾರಿಗೆ?’: ‘ಬೆಟ್ಟದ ಜೀವ’ದ ಮುಪ್ಪನ್ನು ಕಾಸರಗೋಡಿನಿಂದ ಓದುವಾಗ

(ಗಡಿಯಾಚೆಯ ಕನ್ನಡ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಇಟ್ಟುಕೊಳ್ಳಲಾಗಿದೆ.)

ನನ್ನ ಧ್ವನಿ ಸರಿಯಾಗಿ ಕೇಳ್ತಾ ಉಂಟು ಅಂತ ಭಾವಿಸ್ತೇನೆ. ನಮ್ಮ ಮನೆ ಗುಡ್ಡದ ಬದಿಯಲ್ಲಿ ಇರುವುದರಿಂದ ನೆಟ್‌ವರ್ಕ್ ಹೋಗಿ ಬಂದು ಮಾಡ್ತದೆ. ಮಧ್ಯದಲ್ಲಿ ಕಡಿದುಹೋದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ನನಗಿಂತ ಮೊದಲು ಮಾತಾಡಿದವರು ಶಾಲೆ, ಶಾಸನ, ಆಡಳಿತ ಭಾಷೆಗಳ ಬಗ್ಗೆ ಹೇಳಿದರು. ನಾನು ಆರಿಸಿಕೊಂಡದ್ದು ಒಂದು ಕಾದಂಬರಿ, ಶಿವರಾಮ ಕಾರಂತರ ‘ಬೆಟ್ಟದ ಜೀವ’. ಅದರಲ್ಲಿ ಗಡಿಯ ಪ್ರಸ್ತಾಪವೇ ಇಲ್ಲ. ಅದು ಪ್ರಕಟವಾದ 1943ರಲ್ಲಿ ಕಾಸರಗೋಡಿಗೂ ಪುತ್ತೂರಿಗೂ ನಡುವೆ ರಾಜ್ಯದ ಗಡಿಯೂ ಇರಲಿಲ್ಲ. ಹಾಗಿದ್ದ ಮೇಲೆ ಗಡಿನಾಡಿನ ಗೋಷ್ಠಿಯಲ್ಲಿ ಇದು ಯಾಕೆ ಅಂತ ನೀವು ಕೇಳಬಹುದು. ನಮ್ಮ ವಿಭಾಗದಲ್ಲಿ ವಿಷಯ ಹೇಳಿದಾಗ ಮೊದಲು ಬಂದ ಪ್ರಶ್ನೆಯೂ ಅದೇ.

ನನ್ನ ಮಾತು ಇಷ್ಟೇ. ಈ ಕಾದಂಬರಿಯನ್ನು ನಾವು ಸಾಮಾನ್ಯವಾಗಿ ಬಿಟ್ಟುಹೋದ ಮಗನಿಗಾಗಿ ಕಾಯುವ ಮುದುಕ ಮುದುಕಿಯರ ಕತೆ ಅಂತ ಓದ್ತೇವೆ. ಅದು ಸರಿಯೇ. ಆದರೆ ಆ ಕಾಯುವಿಕೆಯ ಕೆಳಗೆ ಇನ್ನೊಂದು ಪ್ರಶ್ನೆ ಉಂಟು. ಬರಬೇಕಾದವನು ಬಾರದೆ ಇರುವಾಗ, ಎದುರಿಗೆ ಇರುವವರನ್ನು ‘ಇವರೇ ನನ್ನವರು’ ಅಂತ ಒಪ್ಪಿಕೊಳ್ಳಲಿಕ್ಕೆ ಮನುಷ್ಯನಿಗೆ ಎಷ್ಟು ಕಾಲ ಬೇಕು? ಕಾಸರಗೋಡಿನ ಕನ್ನಡಿಗರಾದ ನಮಗೆ 1956ರ ನಂತರ ಈ ಪ್ರಶ್ನೆ ಮನೆಯ ಒಳಗಿನದ್ದೂ ಆಗಿದೆ, ಊರಿನದ್ದೂ ಆಗಿದೆ.

ಕೆಳಬೈಲಿನ ಮನೆ

ಓದಿ ತುಂಬ ದಿನ ಆದವರಿಗಾಗಿ ಕತೆಯನ್ನು ಸ್ವಲ್ಪ ನೆನಪು ಮಾಡ್ತೇನೆ. ಕತೆ ಹೇಳುವ ಶಿವರಾಮಯ್ಯ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ದೇರಣ್ಣ ಮತ್ತು ಬಟ್ಯ ಎಂಬ ಇಬ್ಬರು ಹಳ್ಳಿಗರು ಅವನನ್ನು ಕೆಳಬೈಲಿನ ಗೋಪಾಲಯ್ಯನ ಮನೆಗೆ ತಂದು ಬಿಡುತ್ತಾರೆ. ಗೋಪಾಲಯ್ಯ, ಶಂಕರಮ್ಮ ಇಬ್ಬರಿಗೂ ವಯಸ್ಸಾಗಿದೆ. ಸುತ್ತ ದಟ್ಟ ಕಾಡು, ಎದುರಿಗೆ ಕುಮಾರ ಪರ್ವತದ ಸಾಲು. ಆ ಕಾಡಿನ ನಡುವೆ ತೋಟ ಮಾಡಿ ನಿಲ್ಲಿಸಿದ್ದು ಗೋಪಾಲಯ್ಯನ ಒಂದು ಆಯುಷ್ಯದ ದುಡಿಮೆ. ಆನೆ, ಹುಲಿಗಳ ಕಾಟದ ನಡುವೆ ಅವನು ಗದ್ದೆ ತೋಟ ಉಳಿಸಿಕೊಂಡಿದ್ದಾನೆ. ಮಾತು, ನಗೆ, ಉಪಚಾರ ಯಾವುದಕ್ಕೂ ಅವನಲ್ಲಿ ಕೊರತೆ ಇಲ್ಲ. ಬಂದ ಅತಿಥಿಯನ್ನು ಇವತ್ತು ಬೇಡ ನಾಳೆ ಹೋಗಿ, ನಾಳೆ ಬೇಡ ನಾಡಿದ್ದು ಹೋಗಿ ಅಂತ ಉಳಿಸಿಕೊಳ್ಳುತ್ತಾನೆ.

ಹೀಗೆ ಒತ್ತಾಯ ಮಾಡುವುದರ ಹಿಂದೆ ಎಂತ ಉಂಟು ಅಂತ ನಮಗೆ ನಿಧಾನಕ್ಕೆ ಗೊತ್ತಾಗ್ತದೆ. ಮಗ ಶಂಭು ಮನೆ ಬಿಟ್ಟು ಹೋಗಿ ವರ್ಷಗಳಾಗಿವೆ. ಗಂಡ ಹೆಂಡತಿ ಇಬ್ಬರೂ ಒಬ್ಬರ ಎದುರು ಒಬ್ಬರು ಆ ನೋವನ್ನು ಹೆಚ್ಚು ತೋರಿಸಿಕೊಳ್ಳುವುದಿಲ್ಲ. ಪರಊರಿನಿಂದ ಬಂದವನ ಹತ್ತಿರ ಮನಸ್ಸು ಬಿಚ್ಚುತ್ತಾರೆ. ಶಂಭುವಿನ ಜಾಗದಲ್ಲಿ ಅಂತ ಹೇಳಲಿಕ್ಕಾಗದಿದ್ದರೂ ಅವರ ಬದುಕಿನಲ್ಲಿ ನಾರಾಯಣ, ಅವನ ಹೆಂಡತಿ ಲಕ್ಷ್ಮಿ, ಅವರ ಮಕ್ಕಳು ಇದ್ದಾರೆ. ನಾರಾಯಣ ಕಾಟುಮೂಲೆಯ ನೆಲದಲ್ಲಿ ದುಡಿಯುತ್ತಾನೆ. ರಕ್ತಸಂಬಂಧದಲ್ಲಿ ಮಗ ಅಲ್ಲ. ಆದರೆ ಮುದುಕನಿಗೆ ದಿನ ಬೆಳಗಾದರೆ ಕಾಣುವ ಮುಖ ಅವನದ್ದು. ಅವನೂ ಬಿಟ್ಟುಹೋದರೆ ಎಂಬ ಭಯ ಗೋಪಾಲಯ್ಯನ ನಗೆಯ ಅಡಿಯಲ್ಲಿ ಇದ್ದೇ ಇದೆ. ಕಾದಂಬರಿ ಮುಗಿಯುವಾಗಲೂ ಶಂಭು ಮನೆಗೆ ಬಂದಿರುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕಾರಂತರು ಹುಟ್ಟಿದ್ದು 1902ರಲ್ಲಿ. ಅಂದರೆ ಈ ಮುದುಕರನ್ನು ಬರೆಯುವಾಗ ಅವರಿಗೆ ನಲವತ್ತರ ಆಚೀಚೆ. ಅವರು ಮುಪ್ಪನ್ನು ಒಳಗಿನಿಂದ ಹೇಳಲು ಹೋಗಲಿಲ್ಲ. ಕೆಲವು ದಿನ ಇದ್ದು ಹೋಗುವ ಒಬ್ಬ ನಡುವಯಸ್ಸಿನವನ ಕಣ್ಣಿನಿಂದ ನೋಡಿದರು. ಹಾಗಾಗಿಯೇ ಇರಬೇಕು, ಕಾದಂಬರಿಯಲ್ಲಿ ಮುಪ್ಪಿನ ಬಗ್ಗೆ ಉಪದೇಶ ಬರುವುದಿಲ್ಲ. ಊಟ, ಸ್ನಾನ, ತೋಟ ಸುತ್ತುವುದು, ರಾತ್ರಿಯ ಮಾತು, ಇವುಗಳ ಮಧ್ಯದಲ್ಲಿ ಒಂದೊಂದು ಸಲ ಮುದುಕನ ದನಿ ಇಳಿಯುತ್ತದೆ. ಅಷ್ಟೇ.

1943ರ ನಕ್ಷೆ

ಈಗ ಚರಿತ್ರೆಗೆ ಬರ್ತೇನೆ. 1799ರಲ್ಲಿ ಟಿಪ್ಪು ಸುಲ್ತಾನ್ ಸೋತ ಮೇಲೆ ಕರಾವಳಿಯ ಕನ್ನಡ ಜಿಲ್ಲೆ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲಿ ಉಳಿಯಿತು. ಆ ದಕ್ಷಿಣ ಕನ್ನಡದಲ್ಲಿ ಮಂಗಳೂರು, ಉಡುಪಿ, ಕುಂದಾಪುರ, ಕಾರ್ಕಳ, ಪುತ್ತೂರುಗಳ ಹಾಗೆಯೇ ಕಾಸರಗೋಡೂ ಒಂದು ತಾಲೂಕು. ಗೋಪಾಲಯ್ಯನ ಸುಬ್ರಹ್ಮಣ್ಯದ ಕಾಡು, ಕಾರಂತರು ನೆಲೆಸಿದ್ದ ಪುತ್ತೂರು, ನಮ್ಮ ಅಡೂರು, ಬದಿಯಡ್ಕ, ಪೆರ್ಲದ ಗುಡ್ಡಗಳು ಎಲ್ಲ ಒಂದೇ ಜಿಲ್ಲೆ, ಒಬ್ಬನೇ ಕಲೆಕ್ಟರ್. ಪಯಸ್ವಿನಿ ಹೊಳೆ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ಕಾಸರಗೋಡಿನ ಹತ್ತಿರ ಚಂದ್ರಗಿರಿಯಾಗಿ ಸಮುದ್ರ ಸೇರ್ತದೆ. ಮೇಲಿನವರಿಗೂ ಕೆಳಗಿನವರಿಗೂ ಅದು ಒಂದೇ ನೀರು.

ಬೇಸಾಯದ ಮಾತು ಕೂಡ ಒಂದೇ. ವರ್ಗ, ಕುಮ್ಕಿ, ಮೂಲಗೇಣಿ, ಚಾಲಗೇಣಿ ಎಂಬ ಪದಗಳು ಪುತ್ತೂರಿನಲ್ಲಿ ಹೇಗೋ ಕಾಸರಗೋಡಿನಲ್ಲೂ ಹಾಗೆಯೇ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಂದರೆ ಎರಡೂ ಕಡೆ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡುವುದು. ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಸುರಂಗ ಕೊರೆದು ನೀರು ತರುವುದೂ ಎರಡೂ ಕಡೆ ಉಂಟು. ಹಾಗಾಗಿ ನಾನು ಮೊದಲ ಬಾರಿ ‘ಬೆಟ್ಟದ ಜೀವ’ ಓದಿದಾಗ ‘ಕರ್ನಾಟಕದ ಕಾದಂಬರಿ’ ಅಂತ ಅನಿಸಲೇ ಇಲ್ಲ. ನಮ್ಮ ಆಚೆಮನೆಯ ಕತೆ ಅಂತಲೇ ಅನಿಸಿತು.

1956 ನವೆಂಬರ್ 1ರಂದು ಈ ಜಿಲ್ಲೆ ಒಡೆಯಿತು. ದಕ್ಷಿಣ ಕನ್ನಡದ ಉಳಿದ ತಾಲೂಕುಗಳು ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ. 1957ರ ಕೇರಳದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಜನರ ಮನಸ್ಸು ಯಾವ ಕಡೆ ಇತ್ತು ಅಂತ ಅದರಿಂದ ಊಹಿಸಬಹುದು. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಅದರಲ್ಲಿ ಇತ್ತು. ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು.

ಒಂದು ಎಚ್ಚರಿಕೆಯ ಮಾತು. ಶಂಭು ಅಂದರೆ ಕರ್ನಾಟಕ, ಗೋಪಾಲಯ್ಯ ಅಂದರೆ ಕಾಸರಗೋಡು ಅಂತ ನಾನು ಹೇಳುತ್ತಿಲ್ಲ. 1943ರ ಪುಸ್ತಕದ ಮೇಲೆ 1956ರ ಅರ್ಥ ಹೊರಿಸುವುದು ಸರಿಯಾಗಲಾರದು. ನಾನು ಹೇಳುವುದು ಓದಿನ ಚರಿತ್ರೆಯ ಬಗ್ಗೆ. ಪುಸ್ತಕ ಹಾಗೆಯೇ ಇತ್ತು. ಅದನ್ನು ಓದುವವರ ಕಾಲ ಕೆಳಗಿನ ನೆಲ ಬದಲಾಯಿತು.

ಶಂಭುವಿನ ಪಕ್ಷದಿಂದ ಓದಿದ್ದು

ಪದವಿಯಲ್ಲಿ ಇದನ್ನು ಮೊದಲು ಓದುವಾಗ ನನಗೆ ಹತ್ತೊಂಬತ್ತು ವರ್ಷ. ನಿಜ ಹೇಳ್ತೇನೆ, ನಾನು ಆಗ ಶಂಭುವಿನ ಪಕ್ಷ. ಆ ಕಾಡಿನಲ್ಲಿ ಯಾರು ಇರ್ತಾರೆ ಮಾರಾಯ್ರೇ ಅಂತಲೇ ಅನಿಸಿತ್ತು. ನಮ್ಮ ಕ್ಲಾಸಿನಲ್ಲಿ ಅರ್ಧದಷ್ಟು ಮಂದಿ ಮಂಗಳೂರು, ಬೆಂಗಳೂರಿಗೆ ಹೋಗುವ ಲೆಕ್ಕ ಹಾಕ್ತಾ ಇದ್ದವರು. ಮುದುಕನ ಪ್ರೀತಿ ಕೂಡ ನನಗೆ ಕಟ್ಟಿಹಾಕುವ ಹಗ್ಗದ ಹಾಗೆ ಕಂಡಿತ್ತು. ಅತಿಥಿಯನ್ನೇ ಬಿಡದವನು ಮಗನನ್ನು ಎಷ್ಟು ಬಿಗಿಯಾಗಿ ಹಿಡಿದಿರಬಹುದು?

ಆ ಓದು ಪೂರ್ತಿ ತಪ್ಪು ಅಂತ ಈಗಲೂ ನನಗೆ ಅನಿಸುವುದಿಲ್ಲ. ಗೋಪಾಲಯ್ಯ ಕಾಡಿನ ಮೇಲೆ ಹಠ ಸಾಧಿಸಿದ ಮನುಷ್ಯ. ಆ ಹಠ ಇಲ್ಲದಿದ್ದರೆ ತೋಟ ಆಗ್ತಿರಲಿಲ್ಲ. ಅದೇ ಹಠ ಮನೆಯೊಳಗೆ ಬಂದಾಗ ಮಗನಿಗೆ ಉಸಿರು ಕಟ್ಟಿರಲೂಬಹುದು. ಕಾರಂತರು ಮುದುಕನನ್ನು ಪ್ರೀತಿಯಿಂದ ಬರೆದಿದ್ದಾರೆ, ಆದರೆ ಮಗನನ್ನು ಖಳನಾಯಕ ಮಾಡಲಿಲ್ಲ. ಶಂಭು ಕಾದಂಬರಿಯಲ್ಲಿ ನೇರವಾಗಿ ಬಂದು ಮಾತಾಡುವುದಿಲ್ಲ. ಅವನ ಬದಿಯ ಸತ್ಯ ಖಾಲಿ ಇದೆ. ಆ ಖಾಲಿಯ ಎದುರು ಅಪ್ಪ ಅಮ್ಮ ಕೂತಿದ್ದಾರೆ. ಎಲ್ಲಿ ತಪ್ಪಿದೆವು ಅಂತ ಅವರಿಗೆ ಖಚಿತವಾಗಿ ಹೇಳುವವರು ಯಾರೂ ಇಲ್ಲ. ಮುಪ್ಪಿನ ಪಶ್ಚಾತ್ತಾಪ ಎಷ್ಟೋ ಸಲ ಹೀಗೇ ಇರ್ತದೆ ಅಂತ ನನಗೆ ಈಗ ಕಾಣ್ತದೆ. ತಪ್ಪು ಯಾವುದು ಅಂತ ಗೊತ್ತಿದ್ದರೆ ಕ್ಷಮೆ ಕೇಳಬಹುದಿತ್ತು.

ಕಾರಂತರ ‘ಮರಳಿ ಮಣ್ಣಿಗೆ’ ಇದಕ್ಕೆ ಸ್ವಲ್ಪ ಮೊದಲು ಬಂದ ಕಾದಂಬರಿ. ಅಲ್ಲಿ ಮೂರು ತಲೆಮಾರು ದಾಟಿ ಮೊಮ್ಮಗ ರಾಮ ಮಣ್ಣಿಗೆ ಮರಳುತ್ತಾನೆ. ‘ಬೆಟ್ಟದ ಜೀವ’ದಲ್ಲಿ ಆ ಮರಳುವಿಕೆ ಇಲ್ಲ. ಎರಡನ್ನೂ ಒಟ್ಟಿಗೆ ಇಟ್ಟರೆ ಕಾರಂತರು ತಮ್ಮ ಉತ್ತರವನ್ನು ತಾವೇ ಪರೀಕ್ಷೆ ಮಾಡಿದ ಹಾಗೆ ಕಾಣ್ತದೆ. ಹೋದವರು ವಾಪಸು ಬಂದರೆ ಸರಿ. ಬಾರದಿದ್ದರೆ?

ನೆಲ ಯಾರದು

ಬಾರದಿದ್ದರೆ ನಾರಾಯಣ ಇದ್ದಾನೆ. ಆದರೆ ಅವನನ್ನು ಮಗ ಅಂತ ಭಾವಿಸುವುದು ಬೇರೆ, ನೆಲ ಅವನದು ಅಂತ ಒಪ್ಪುವುದು ಬೇರೆ. ಈ ಕಾದಂಬರಿಯ ವೃದ್ಧಾಪ್ಯ ಬರಿಯ ಭಾವನೆಯ ವಿಷಯ ಆಗಿಲ್ಲ. ಅದರಲ್ಲಿ ಭೂಮಿಯ ಲೆಕ್ಕ ಉಂಟು. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲಿಕ್ಕೆ ಐದಾರು ವರ್ಷ ಬೇಕು. ಅದರ ಆಯುಸ್ಸು ನೆಟ್ಟವನ ಆಯುಸ್ಸಿನ ಆಚೆಗೂ ಹೋಗ್ತದೆ. ಆದ್ದರಿಂದ ತೋಟ ಮಾಡುವವನ ಮನಸ್ಸಿನಲ್ಲಿ ‘ಯಾರಿಗೆ’ ಎಂಬ ಪ್ರಶ್ನೆ ಮೊದಲ ದಿನವೇ ಇರ್ತದೆ. ವಯಸ್ಸಾದ ಮೇಲೆ ಅದು ದೊಡ್ಡದಾಗಿ ಕೇಳ್ತದೆ, ಅಷ್ಟೇ.

ಗೋಪಾಲಯ್ಯನ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಒಡೆಯನ ಮನಸ್ಸಿನಲ್ಲಿ ಇತ್ತು. ಒಳ್ಳೆಯವನಾದರೆ ದುಡಿಯುವವನಿಗೆ ನೆಲೆ ಸಿಕ್ಕೀತು, ಇಲ್ಲದಿದ್ದರೆ ಇಲ್ಲ. ದಕ್ಷಿಣ ಕನ್ನಡ ಗೇಣಿ ಪದ್ಧತಿ ದಟ್ಟವಾಗಿದ್ದ ಜಿಲ್ಲೆ. ಮೂಲಗೇಣಿಯವನಿಗೆ ಸ್ಥಿರವಾದ ಹಕ್ಕು, ಚಾಲಗೇಣಿಯವನಿಗೆ ಯಾವಾಗ ಬೇಕಾದರೂ ಏಳಬೇಕಾದ ಭಯ. ಮುಂದೆ ಕಾನೂನು ಬಂತು. ಗಡಿ ಬಿದ್ದದ್ದರಿಂದ ಎರಡು ಕಡೆ ಎರಡು ದಿನಾಂಕದಲ್ಲಿ ಬಂತು. ಕೇರಳದಲ್ಲಿ 1970 ಜನವರಿ 1ರಿಂದ ಗೇಣಿದಾರನಿಗೆ ಒಡೆತನದ ದಾರಿ ತೆರೆಯಿತು. ಕರ್ನಾಟಕದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974 ಮಾರ್ಚ್ 1ರಿಂದ ಜಾರಿಗೆ ಬಂತು. ಒಂದೇ ಮನೆತನದ ಎರಡು ಕವಲು ಗಡಿಯ ಎರಡು ಬದಿ ಇದ್ದರೆ, ಅಣ್ಣನ ಒಕ್ಕಲು ತಮ್ಮನ ಒಕ್ಕಲಿಗಿಂತ ನಾಲ್ಕು ವರ್ಷ ಮೊದಲು ನೆಲದ ಒಡೆಯನಾಗಬಹುದಿತ್ತು.

ಹಳೆಯ ಒಡೆಯರ ಮನೆಗಳಲ್ಲಿ ಈ ಕಾನೂನಿನ ಬಗ್ಗೆ ಕಹಿ ಇನ್ನೂ ಉಂಟು. ನಮ್ಮ ಮನೆಯಲ್ಲೂ ಕೇಳಿದ್ದೇನೆ. ಆದರೆ ‘ಬೆಟ್ಟದ ಜೀವ’ ಓದಿದವರು ಆ ಕಹಿಯನ್ನು ಹಾಗೆಯೇ ನುಂಗಲಿಕ್ಕೆ ಆಗುವುದಿಲ್ಲ. ಆ ಮನೆಯ ತೋಟ ನಿಂತದ್ದು ನಾರಾಯಣನಂಥವರ ದುಡಿಮೆಯಿಂದಲೂ ಹೌದು ಅಂತ ಕಾದಂಬರಿಯೇ ತೋರಿಸ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ‘ಬೆಟ್ಟದ ಜೀವ’ಕ್ಕಿಂತ ಹತ್ತು ವರ್ಷ ಮೊದಲು, 1933ರಲ್ಲಿ, ಕಾರಂತರು ‘ಚೋಮನ ದುಡಿ’ ಬರೆದಿದ್ದರು. ಚೋಮನಿಗೂ ವಯಸ್ಸಾಗಿದೆ. ಅವನ ಹತ್ತಿರ ಎತ್ತು ಉಂಟು, ಉಳುವ ಆಸೆ ಉಂಟು. ಜಾತಿಯ ಕಾರಣಕ್ಕೆ ನೆಲ ಸಿಗುವುದಿಲ್ಲ. ಗೋಪಾಲಯ್ಯನ ದುಃಖ ನೆಲ ಉಂಟು, ಮಗ ಇಲ್ಲ ಅಂತ. ಚೋಮನಿಗೆ ಮಕ್ಕಳಿದ್ದರು, ನೆಲ ಇರಲಿಲ್ಲ. ನೆಲ ಇಲ್ಲದ್ದರಿಂದಲೇ ಮಕ್ಕಳೂ ಒಬ್ಬೊಬ್ಬರಾಗಿ ಕೈತಪ್ಪಿದರು. ಒಂದೇ ಸೀಮೆಯ ಎರಡು ಮುಪ್ಪು ಇವು. ಗೋಪಾಲಯ್ಯನಿಗಾಗಿ ಮರುಗುವಾಗ ಚೋಮನನ್ನು ಮರೆತರೆ ನಮ್ಮ ಓದು ಅರ್ಧ ಆಗ್ತದೆ. ಶಿವರಾಮಯ್ಯನನ್ನು ಕಾಡಿನಿಂದ ಕರಕೊಂಡು ಬಂದ ದೇರಣ್ಣ, ಬಟ್ಯ ಇವರ ಮುಪ್ಪು ಹೇಗಿದ್ದೀತು ಅಂತಲೂ ಕೇಳಿಕೊಳ್ಳಬೇಕು. ಅದನ್ನು ಕಾದಂಬರಿ ಹೇಳುವುದಿಲ್ಲ.

ಅಜ್ಜ ಅಕ್ಷರ ಕಲಿತದ್ದು

ಇಲ್ಲಿಂದ ಮುಂದೆ ಸ್ವಲ್ಪ ಮನೆಯ ವಿಷಯ ಹೇಳ್ತೇನೆ. ಸಂಶೋಧನೆಯಲ್ಲಿ ಇದಕ್ಕೆ ಎಷ್ಟು ಜಾಗ ಕೊಡಬಹುದು ಅಂತ ನನ್ನ ಮಾರ್ಗದರ್ಶಕರ ಹತ್ತಿರ ಕೇಳಿದೆ. ಓದು ಬದಲಾದದ್ದು ಯಾಕೆ ಅಂತ ಹೇಳದಿದ್ದರೆ ಅದೂ ಒಂದು ರೀತಿ ಮರೆಮಾಚುವುದೇ ಅಂತ ಅವರು ಹೇಳಿದರು.

ನನ್ನ ಅಮ್ಮನ ಅಪ್ಪನಿಗೆ 1956ರಲ್ಲಿ ಹತ್ತು ವರ್ಷ. ಕನ್ನಡ ಶಾಲೆಯಲ್ಲಿ ಓದಿದವರು. ಅವರ ಅಪ್ಪನ ಕೈ ಹಿಡಿದು ವಿಲೀನದ ಸಭೆಗಳಿಗೆ ಹೋದದ್ದು ಅವರಿಗೆ ಈಗಲೂ ನೆನಪುಂಟು. ಮಲಯಾಳಂ ಮಾತಾಡ್ತಾರೆ, ಚೆನ್ನಾಗಿಯೇ ಮಾತಾಡ್ತಾರೆ. ಆದರೆ ಅಕ್ಷರ ಕಲಿಯಲಿಲ್ಲ. ಕಲಿಯಲಿಕ್ಕೆ ಬಾರದ್ದರಿಂದ ಅಲ್ಲ, ಕಲಿಯಬಾರದು ಅಂತ. ಕಲಿತರೆ ಒಪ್ಪಿಕೊಂಡ ಹಾಗೆ ಅಂತ ಅವರ ಲೆಕ್ಕ. ಮಹಾಜನ ವರದಿ ಬಂದ ವರ್ಷ ಅವರಿಗೆ ಇಪ್ಪತ್ತೊಂದು. ಇನ್ನೇನು ಆಗಿಯೇ ಹೋಯಿತು ಅಂತ ಊರಲ್ಲೆಲ್ಲ ಹೇಳ್ತಿದ್ದರಂತೆ.

ಅವರಿಗೆ ಇಬ್ಬರು ಗಂಡುಮಕ್ಕಳು. ಒಬ್ಬರು ಬೆಂಗಳೂರು, ಒಬ್ಬರು ಗಲ್ಫ್. ಇಬ್ಬರನ್ನೂ ಹೊರಗೆ ಕಳಿಸಿದ್ದು ಅಜ್ಜನೇ. ‘ಕನ್ನಡದಲ್ಲಿ ಓದಿದವನಿಗೆ ಇಲ್ಲಿ ಎಂತ ಉಂಟು, ಹೋಗಿ’ ಅಂತ ಹೇಳಿ ಕಳಿಸಿದರು. ಶಂಭುವಿನ ಹಾಗೆ ಜಗಳ ಮಾಡಿ ಹೋದವರಲ್ಲ ನನ್ನ ಮಾವಂದಿರು. ವರ್ಷಕ್ಕೆ ಒಂದೆರಡು ಸಲ ಬರ್ತಾರೆ, ಫೋನ್ ಮಾಡ್ತಾರೆ. ಆದರೂ ಸಂಜೆ ತೋಟದಿಂದ ಬಂದು ಕಾಲು ತೊಳೆದು ಜಗಲಿಯಲ್ಲಿ ಕೂತಾಗ ಅಜ್ಜ ಒಮ್ಮೊಮ್ಮೆ ಹೇಳ್ತಾರೆ: ‘ಹೋಗಿ ಅಂತ ಹೇಳಿದ್ದು ನಾನೇ. ಬನ್ನಿ ಅಂತ ಹೇಳ್ಲಿಕ್ಕೆ ಈಗ ಬಾಯಿ ಬರುದಿಲ್ಲ.’

ಕೆಲವು ವರ್ಷದ ಹಿಂದೆ ಒಂದು ಕಚೇರಿಯಿಂದ ಜಾಗದ ಬಗ್ಗೆ ನೋಟಿಸು ಬಂತು, ಪೂರ್ತಿ ಮಲಯಾಳಂನಲ್ಲಿ. ಕನ್ನಡ, ತಮಿಳು ಭಾಷಿಕ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ವ್ಯವಹರಿಸಬಹುದು ಅಂತ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಉಂಟು. ಕಾಯ್ದೆಯಲ್ಲಿ ಇರುವುದೆಲ್ಲ ಕವರಿನೊಳಗೆ ಬರುವುದಿಲ್ಲ. ಅಜ್ಜ ಅದನ್ನು ಪೆಟ್ಟಿಗೆಯಲ್ಲಿ ಇಟ್ಟರು. ತಾರೀಕು ದಾಟಿತು. ಆಮೇಲೆ ಓಡಾಡಿ ಸರಿಮಾಡಿಕೊಟ್ಟದ್ದು ತೋಟದ ಕೆಲಸ ನೋಡಿಕೊಳ್ಳುವವರು. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಇದ್ದಾರೆ. ಮನೆಮಾತು ಮಲಯಾಳಂ. ಅವರ ಮಗಳು ಹತ್ತಿರದ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವವಳು. ನಡೆದು ಹೋಗುವಷ್ಟು ದೂರದಲ್ಲಿ ಇದ್ದ ಶಾಲೆ ಅದೇ.

ಆ ಮಳೆಗಾಲದಲ್ಲಿ ಅಜ್ಜ ಆ ಹುಡುಗಿಯನ್ನು ಕೂರಿಸಿಕೊಂಡು ಮಲಯಾಳಂ ಅಕ್ಷರ ಕಲಿತರು. ಎಪ್ಪತ್ತೈದು ದಾಟಿದ ಮೇಲೆ. ಗೆರೆ ಇರುವ ಪುಸ್ತಕದಲ್ಲಿ ಒಂದೊಂದು ಅಕ್ಷರ ಹತ್ತು ಸಲ ಬರೆಯುವುದು, ಅವಳು ಕೆಂಪು ಪೆನ್ನಲ್ಲಿ ತಿದ್ದುವುದು. ಬದಲಿಗೆ ಅವಳ ಪಾಠದಲ್ಲಿ ಬಂದ ಹಳಗನ್ನಡ ಪದ್ಯಗಳನ್ನು ಅಜ್ಜ ಬಿಡಿಸಿ ಹೇಳುವುದು. ಅವಳಿಗೆ ಪದ್ಯದ ಲಯ ಬೇಗ ಹತ್ತಿತು. ಅಜ್ಜನಿಗೆ ಒತ್ತಕ್ಷರ ಮಾತ್ರ ಈಗಲೂ ತಪ್ಪುತ್ತದೆ. ನಾನು ರಜೆಯಲ್ಲಿ ಹೋದಾಗ ಕೇಳಿದೆ, ‘ಅಜ್ಜ, ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ?’

‘ಅಕ್ಷರ ಎಂತ ತಪ್ಪು ಮಾಡಿದೆ?’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಮೊದಲೇ ಕಲಿತಿದ್ದರೆ ಮಕ್ಕಳಿಗೂ ಕಲಿಸ್ಬಹುದಿತ್ತು. ಅವರು ಇಲ್ಲೇ ನಿಲ್ಲುತ್ತಿದ್ದರೋ ಏನೋ’ ಅಂದರು.

ಇದನ್ನು ಸೋಲು ಅಂತ ಹೇಳುವವರು ಇದ್ದಾರೆ. ನಮ್ಮ ಮನೆಯಲ್ಲೇ ಒಬ್ಬರು ಹೇಳಿದರು. ನನಗೆ ಹಾಗೆ ಕಾಣುವುದಿಲ್ಲ. ಅಜ್ಜ ಅರ್ಜಿ ಬರೆಯುವುದು ಈಗಲೂ ಕನ್ನಡದಲ್ಲಿ, ಉತ್ತರ ಕನ್ನಡದಲ್ಲೇ ಕೊಡಿ ಅಂತ ಕೊನೆಯಲ್ಲಿ ಬರೆದೇ ಬರೆಯುತ್ತಾರೆ. ಹಕ್ಕನ್ನು ಬಿಟ್ಟಿಲ್ಲ. ಬಿಟ್ಟದ್ದು ಕಾಯುವುದೇ ಬದುಕು ಎಂಬ ಭಾವನೆಯನ್ನು. ಆ ಪುಸ್ತಕದ ಕೆಂಪು ಗೆರೆಗಳನ್ನು ನೋಡಿದ ಮೇಲೆ ನಾನು ‘ಬೆಟ್ಟದ ಜೀವ’ವನ್ನು ಮತ್ತೆ ತೆಗೆದೆ. ಈ ಸಲ ನನ್ನ ಕಣ್ಣು ಶಂಭುವಿನ ಮೇಲೆ ನಿಲ್ಲಲಿಲ್ಲ. ಗೋಪಾಲಯ್ಯ ನಾರಾಯಣನನ್ನು ನೋಡುವ ಜಾಗಗಳಲ್ಲಿ ನಿಂತಿತು.

ಉತ್ತರಾಧಿಕಾರದ ಮಾತು

ಕಾಸರಗೋಡಿನ ಕನ್ನಡ ಹೋರಾಟದ ತಲೆಮಾರು ವಯಸ್ಸಾಗಿ ಒಬ್ಬೊಬ್ಬರಾಗಿ ಹೋಗ್ತಾ ಇದೆ. ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿ, ನೂರು ವರ್ಷ ತುಂಬಿದ ಮೇಲೆ 2015ರಲ್ಲಿ ತೀರಿಕೊಂಡರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂಬ ಆಸೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಅದು ಆಗಲಿಲ್ಲ. ಆದರೆ ಅವರು ಕಾಯ್ತಾ ಕೂತವರೂ ಆಗಿರಲಿಲ್ಲ. ಮೇಷ್ಟ್ರಾಗಿ ಪಾಠ ಹೇಳಿದರು, ಬೇಸಾಯ ಮಾಡಿದರು, ಬರೆದರು. ಅವರ ಆತ್ಮಕಥೆಯ ಹೆಸರೇ ‘ದುಡಿತವೇ ನನ್ನ ದೇವರು’.

ಕಾರಂತರ ಮುಪ್ಪೂ ಹಾಗೆಯೇ. ಪುತ್ತೂರು ಬಿಟ್ಟು ಸಾಲಿಗ್ರಾಮದಲ್ಲಿ ನೆಲೆಸಿದರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಬಂದ ಮೇಲೂ ಸುಮ್ಮನೆ ಕೂರಲಿಲ್ಲ. 1989ರಲ್ಲಿ ಪರಿಸರದ ಪ್ರಶ್ನೆ ಇಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಆಗ ಅವರಿಗೆ ಎಂಬತ್ತೇಳು. ನಲವತ್ತರಲ್ಲಿ ಬರೆದ ಗೋಪಾಲಯ್ಯನನ್ನು ಅವರು ಆ ವಯಸ್ಸಿನಲ್ಲಿ ನೆನಸಿಕೊಂಡಿರಬಹುದೇ ಅಂತ ನನಗೆ ಕುತೂಹಲ.

ನಮ್ಮ ಕಾಲದಲ್ಲಿ ಕಾಸರಗೋಡಿನ ಕನ್ನಡಕ್ಕೆ ಉತ್ತರಾಧಿಕಾರಿ ಯಾರು? ಕನ್ನಡ ಮನೆಮಾತಿನ ಮನೆಗಳ ಮಕ್ಕಳು ಅಂತ ಮಾತ್ರ ಲೆಕ್ಕ ಹಾಕಿದರೆ, ಆ ಲೆಕ್ಕದಲ್ಲಿ ತುಂಬ ಮಂದಿ ಊರು ಬಿಟ್ಟಿದ್ದಾರೆ. ಶಾಲೆಯ ಬೆಂಚಿನಲ್ಲಿ ಕೂತವರನ್ನು ನೋಡಿದರೆ ಚಿತ್ರ ಬೇರೆ. ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳಂ ಮನೆಮಾತಿನ ಮಕ್ಕಳು ಅಲ್ಲಿ ಕನ್ನಡ ಓದ್ತಾ ಇದ್ದಾರೆ. ಇದು ಹೊಸತೂ ಅಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರರದ್ದು ತುಳು. ಚಂದ್ರಗಿರಿಯ ದಡದ ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ಕನ್ನಡಕ್ಕೆ ತಂದ ಸಾರಾ ಅಬೂಬಕ್ಕರ್ ಕಾಸರಗೋಡಿನವರು, ಅವರ ಮನೆಮಾತು ಕೂಡ ಕನ್ನಡ ಆಗಿರಲಿಲ್ಲ. ನಮ್ಮಲ್ಲಿ ಕನ್ನಡವನ್ನು ಉಳಿಸಿದವರಲ್ಲಿ ಬಹಳ ಮ��ದಿ ಅದನ್ನು ಮನೆಯಿಂದ ಪಡೆದವರಲ್ಲ, ಶಾಲೆಯಲ್ಲಿ ದುಡಿದು ಗಳಿಸಿಕೊಂಡವರು. ನಾರಾಯಣ ನೆಲ ಗಳಿಸಿಕೊಂಡ ಹಾಗೆ.

ಇದಕ್ಕೆ ಒಂದು ಒಳ್ಳೆಯ ಮಾದರಿಯೂ ನಮ್ಮ ಎದುರಿಗೆ ಉಂಟು. 1973ರಲ್ಲಿ ಅಡಿಕೆ ಬೆಲೆಯ ಕಷ್ಟದ ಕಾಲದಲ್ಲಿ ಕ್ಯಾಂಪ್ಕೊ ಹುಟ್ಟಿತು, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯದ ಬೆಳೆಗಾರರ ಸಹಕಾರಿ ಸಂಸ್ಥೆಯಾಗಿ. ಗಡಿ ಅಳಿಸುವುದು ಬೆಳೆಗಾರರ ಕೈಯಲ್ಲಿ ಇರಲಿಲ್ಲ. ಗಡಿಯ ಮೇಲೆ ಒಟ್ಟಿಗೆ ವ್ಯಾಪಾರ ಮಾಡುವುದು ಅವರ ಕೈಯಲ್ಲಿತ್ತು, ಅದನ್ನು ಮಾಡಿದರು.

ಚರ್ಚೆಯಿಂದ

ಮಾತು ಮುಗಿದ ಮೇಲೆ ಜತ್ತ ತಾಲೂಕಿನ ಕಡೆಯ ಒಬ್ಬ ಗೆಳೆಯರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸಬೇಕು. ‘ನಿಮ್ಮಲ್ಲಿ ತೋಟ ಐತಿ, ಹೊಳಿ ಐತಿ. ನಮ್ಮ ಕಡೆ ಬರಗಾಲ. ಮಹಾಜನ ವರದಿಯೊಳಗ ನಮ್ಮ ಹೆಸರೂ ಇತ್ತು. ನಮ್ಮ ಮುದುಕರು ಕಾಯೋದು ನೀರಿಗೆ. ನೀವು ಕಾಯೋದು ಬಿಡ್ರಿ ಅಂದ್ರ, ಕೇಳೋದೂ ಬಿಡ್ರಿ ಅಂದಂಗ ಆಗಂಗಿಲ್ಲೇನು?’

ಈ ಪ್ರಶ್ನೆ ನನ್ನನ್ನು ಸ್ವಲ್ಪ ನಿಲ್ಲಿಸಿತು. ಆಗ ಕೊಟ್ಟ ಉತ್ತರಕ್ಕಿಂತ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಕೇಳುವುದನ್ನು ಬಿಡಬೇಕಾಗಿಲ್ಲ. ನೀರು, ಶಾಲೆ, ಕನ್ನಡದ ನೋಟಿಸು ಇವೆಲ್ಲ ಹಕ್ಕಿನ ಮಾತು, ಕೇಳಿಯೇ ಪಡೆಯಬೇಕು. ಗೋಪಾಲಯ್ಯನೂ ಮಗನ ಆಸೆ ಬಿಡಲಿಲ್ಲ. ಆದರೆ ಆ ಆಸೆಯ ಹೆಸರಿನಲ್ಲಿ ತೋಟವನ್ನು ಹಾಳು ಬಿಡಲಿಲ್ಲ, ಎದುರಿಗಿದ್ದ ಮಕ್ಕಳನ್ನು ಪರರು ಅಂತ ದೂರ ಇಡಲಿಲ್ಲ. ಕೇಳುತ್ತಲೇ ಇರುವುದು, ನೆಡುತ್ತಲೂ ಇರುವುದು, ಎರಡೂ ಒಟ್ಟಿಗೆ ಆಗಬಹುದು. ಅಡಿಕೆಯ ಊರಿಗೂ ಜೋಳದ ಊರಿಗೂ ಇದು ಒಂದೇ ರೀತಿ ಅನ್ವಯಿಸ್ತದೋ ಅಂತ ಜತ್ತ, ಅಕ್ಕಲಕೋಟೆಯ ಗೆಳೆಯರೇ ಬರೆಯಬೇಕು. ಅದನ್ನು ಓದಲಿಕ್ಕೆ ನನಗೆ ಆಸೆ ಉಂಟು.

ಕಳೆದ ವಾರ ಅಜ್ಜನಿಗೆ ಫೋನ್ ಮಾಡಿದಾಗ ಈ ಗೋಷ್ಠಿಯ ವಿಷಯ ಹೇಳಿದೆ. ಗೋಪಾಲಯ್ಯನ ಕತೆ ಅವರಿಗೂ ಗೊತ್ತುಂಟು, ಹಿಂದೆ ಯಾವಾಗಲೋ ಓದಿದ್ದರಂತೆ. ‘ಶಂಭು ಬಂದನಾ ಕಡೆಗೆ?’ ಅಂತ ಕೇಳಿದರು. ಬರಲಿಲ್ಲ ಅಂದೆ. ‘ಹೌದಾ’ ಅಂತ ಹೇಳಿ, ತೋಟದ ಮೇಲಿನ ಮಗ್ಗುಲಲ್ಲಿ ನೂರು ಅಡಿಕೆ ಸಸಿ ಹೊಸತಾಗಿ ಇಡಿಸಿದ ಸುದ್ದಿ ಹೇಳಿದರು. ಯಾರಿಗೆ ಅಂತ ನಾನು ಕೇಳಲಿಲ್ಲ. ಅವರ ಹಿಂದಿನಿಂದ ಆ ಹುಡುಗಿ ಏನೋ ಗಟ್ಟಿಯಾಗಿ ಓದುವುದು ಕೇಳ್ತಾ ಇತ್ತು.